ಬೀದರಿನ ಹುಳು ಗುರುತಿಸುವ ತರಗತಿ: ಏಳು ಭೇಟಿಗಳ ನಂತರ ಒಂದು ವಿಮರ್ಶೆ

ಬೀದರಿನ ಕೆಲವು ಹವ್ಯಾಸಿ ನಿಸರ್ಗಾಸಕ್ತರು ಸೇರಿಕೊಂಡು ಮಳೆಗಾಲದಲ್ಲಿ ಒಂದು ತರಗತಿ ನಡೆಸುತ್ತಾರೆ. ಕೀಟ, ಜೇಡ, ಚೇಳು, ಶತಪದಿ, ಬಸವನಹುಳು ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳನ್ನು ಗುರುತಿಸುವುದನ್ನು ಅಲ್ಲಿ ಕಲಿಸಲಾಗುತ್ತದೆ. ಆರು ಭಾನುವಾರದ ಬೆಳಗಿನ ನಡಿಗೆ ಮತ್ತು ಎರಡು ರಾತ್ರಿಯ ಭೇಟಿ ಸೇರಿ ಶುಲ್ಕ 800 ರೂಪಾಯಿ. ಬಳಗಕ್ಕೆ ಕಚೇರಿಯಾಗಲಿ, ಫಲಕವಾಗಲಿ, ಕೊನೆಗೆ ಕೊಡುವ ಪ್ರಮಾಣಪತ್ರವಾಗಲಿ ಇಲ್ಲ. ಒಬ್ಬರು ನಿವೃತ್ತ ವಿಜ್ಞಾನ ಮಾಸ್ತರರು, ಒಬ್ಬಳು ಪಶುವೈದ್ಯಕೀಯ ಓದುತ್ತಿರುವ ಹುಡುಗಿ, ಒಬ್ಬರು ಹೊಲ ನೋಡಿಕೊಂಡಿರುವ ಯುವಕರು, ಹೀಗೆ ಮೂವರು ಮುಂದೆ ನಡೆಯುತ್ತಾರೆ, ಉಳಿದವರು ಹಿಂದೆ ನಡೆಯುತ್ತೇವೆ. ಹೇಳಿದ್ದ ಎಂಟು ಭೇಟಿಗಳಲ್ಲಿ ಒಂದು ಮಳೆಗೆ ಕೊಚ್ಚಿಹೋಯಿತು, ಏಳು ನಡೆದವು. ಆ ಏಳರ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸೇರುವ ಮೊದಲು ನನ್ನ ಸ್ಥಿತಿ ಏನಿತ್ತೆಂದರೆ, ಫೋನಿನಲ್ಲಿ ನಾನೂರಕ್ಕೂ ಹೆಚ್ಚು ಹುಳುಗಳ ಚಿತ್ರಗಳಿದ್ದವು ಮತ್ತು ಪ್ರತಿಯೊಂದಕ್ಕೂ ಒಂದು ಹೆಸರಿತ್ತು. ಚಿತ್ರ ನೋಡಿ ಹೆಸರು ಸೂಚಿಸುವ ಒಂದು ಆ್ಯಪ್ ಕ್ಷಣಾರ್ಧದಲ್ಲಿ ಕೊಟ್ಟ ಹೆಸರುಗಳು ಅವು. ಅವುಗಳಲ್ಲಿ ಕೆಲವು ದಖ್ಖನ್ನಿನ ಸಮೀಪಕ್ಕೂ ಬಾರದ ಪ್ರಾಣಿಗಳದ್ದೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಮೊದಲ ಭಾನುವಾರ ಪಾಪನಾಶ ಕೆರೆಯ ದಂಡೆಯಲ್ಲಿ ಮಾಸ್ತರರಿಗೆ ಆ ಚಿತ್ರಗಳನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಒಂದೊಂದನ್ನೇ ನೋಡುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಹೌದೆನ್ನಾಕ ಕಾರಣ ಏನದ?" ನನ್ನಲ್ಲಿ ಉತ್ತರವಿರಲಿಲ್ಲ.

ಇಡೀ ತರಗತಿ ನಿಂತಿರುವುದು ಈ ಪ್ರಶ್ನೆಯ ಮೇಲೆ. ಸೇರಿದ ದಿನವೇ ಎಲ್ಲರಿಗೂ ಒಂದು ನೂರು ಪುಟದ ನೋಟುಬುಕ್ಕು ಕೊಡುತ್ತಾರೆ. ಕಂಡ ಪ್ರಾಣಿಯ ಗಣ, ಕುಟುಂಬ, ಕುಲ, ಪ್ರಭೇದ ಎಂಬ, ದೊಡ್ಡ ಗುಂಪಿನಿಂದ ಸಣ್ಣದಕ್ಕೆ ಇಳಿಯುವ ನಾಲ್ಕು ಮೆಟ್ಟಿಲುಗಳನ್ನು ಒಂದರ ಕೆಳಗೊಂದರಂತೆ ಬರೆಯಬೇಕು, ಪ್ರತಿ ಮೆಟ್ಟಿಲಿನ ಎದುರಿಗೆ ಕಣ್ಣಾರೆ ಕಂಡ ಕಾರಣವನ್ನು ಬರೆಯಬೇಕು, ಕಾರಣ ಮುಗಿದಲ್ಲಿ ಒಂದು ಗೆರೆ ಎಳೆದು ನಿಲ್ಲಬೇಕು. ಗೆರೆಯ ಕೆಳಗೆ ಏನನ್ನೂ ಬರೆಯುವಂತಿಲ್ಲ. ಮೊದಲ ಎರಡು ವಾರ ನನ್ನ ಗೆರೆಗಳೆಲ್ಲ ಗಣದ ಕೆಳಗೇ ಬಿದ್ದವು. ಇದಕ್ಕಾಗಿ ದುಡ್ಡು ಕೊಟ್ಟೆನೇ ಎಂದು ಅನ್ನಿಸಿದ್ದುಂಟು, ಅದನ್ನು ಮುಚ್ಚಿಡುವುದಿಲ್ಲ.

ಅನ್ನಿಸಿಕೆ ಬದಲಾದದ್ದು ಒಂದು ಬೇವಿನ ಮರದ ಎದುರು. ಕಾಂಡದ ಮೇಲೆ ಕಪ್ಪು ಇರುವೆಗಳು ಸಾಲಾಗಿ ಹತ್ತುತ್ತಿದ್ದವು, ಸಾಲಿನಿಂದ ಒಂದು ಗೇಣು ದೂರದಲ್ಲಿ ಒಂಟಿಯಾಗಿ ಒಂದು ಓಡಾಡುತ್ತಿತ್ತು. ನಾನು ಇರುವೆ ಎಂದು ಬರೆದೆ. ಪಶುವೈದ್ಯಕೀಯದ ಹುಡುಗಿ ನಕ್ಕು, "ಅಣ್ಣಾ, ಕಾಲು ಎಣಿಸ್ರಿ" ಎಂದಳು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ಹಿಡಿದು ನೋಡಿದರೆ, ಅದು ಆರು ಕಾಲುಗಳ ಮೇಲೆ ನಡೆಯುತ್ತಾ, ಇನ್ನೆರಡು ಮುಂಗಾಲುಗಳನ್ನು ಮೇಲೆತ್ತಿ ಇರುವೆಯ ಮೀಸೆಯಂತೆ ಅಲ್ಲಾಡಿಸುತ್ತಿತ್ತು. ದೇಹದ ನಡುವೆ ಇರುವೆಗಿರುವಂಥದೇ ಸೊಂಟ ಕಾಣುತ್ತಿತ್ತು, ಆದರೆ ಮುಖದಲ್ಲಿ ಎರಡು ದೊಡ್ಡ ಕಣ್ಣುಗಳು ಕಾರಿನ ದೀಪಗಳಂತೆ ನೇರವಾಗಿ ನನ್ನನ್ನೇ ನೋಡುತ್ತಿದ್ದವು. ಅವಳು ಒಂದು ಕಡ್ಡಿಯಿಂದ ಮೆಲ್ಲಗೆ ತಟ್ಟಿದಾಗ ಅದು ಕಾಂಡದಿಂದ ಜಿಗಿದು, ಹಿಂದೆ ಬಿಟ್ಟ ಬೆಳ್ಳಿಯಂಥ ಎಳೆಗೆ ತೂಗಾಡುತ್ತಾ ನಿಂತಿತು. ಇರುವೆಯ ವೇಷ ಹಾಕಿದ ಜಿಗಿಯುವ ಜೇಡ ಅದು. ಎಂಟು ಕಾಲು, ಎದುರಿನ ದೊಡ್ಡ ಕಣ್ಣುಗಳ ಜೋಡಿ, ನೇತಾಡಿದ ಎಳೆ, ಈ ಮೂರು ಕಾರಣಗಳನ್ನು ಬರೆದು ಅಂದು ಮೊದಲ ಬಾರಿಗೆ ಗೆರೆಯನ್ನು ಕುಟುಂಬದ ಕೆಳಗೆ ಎಳೆದೆ.

ಲೂಪನ್ನು ಬಳಸುವ ರೀತಿಯೂ ಅಂದೇ ತಿಳಿಯಿತು. ನಾವೆಲ್ಲ ಅದನ್ನು ಹುಳುವಿನ ಹತ್ತಿರ ಹಿಡಿದು ದೂರದಿಂದ ಇಣುಕುತ್ತಿದ್ದೆವು. ಪತ್ತಾರರು ಹರಳು ನೋಡುವಾಗ ಮಾಡುವ ಹಾಗೆ ಗಾಜನ್ನು ಕಣ್ಣಿಗೆ ತಾಗಿಸಿಕೊಂಡು, ತಲೆಯನ್ನೇ ಹುಳುವಿನ ಸಮೀಪಕ್ಕೆ ಒಯ್ಯಬೇಕು. ಈ ಒಂದು ಮಾತಿಗೆ ಶುಲ್ಕದ ಕಾಲುಭಾಗ ಸಂದಿತೆಂದು ಹೇಳಬಹುದು. ಲೂಪನ್ನು ಬಳಗದವರು ಕೊಡುವುದಿಲ್ಲ, ನಾವೇ ತರಬೇಕು. ನಾನು ಆನ್‌ಲೈನಿನಲ್ಲಿ ತರಿಸಿದ್ದ ಫೋನಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೋ ಲೆನ್ಸು ಚಿತ್ರದ ನಡುಭಾಗವನ್ನು ಮಾತ್ರ ಸ್ಪಷ್ಟವಾಗಿ ತೋರಿಸಿ ಅಂಚನ್ನೆಲ್ಲ ಕಲಸಿಬಿಡುತ್ತಿತ್ತು. ಹಾಗಾದಾಗ ಹುಳುವಿನ ಕಾಲುಗಳೇ ಎಣಿಕೆಗೆ ಸಿಗುವುದಿಲ್ಲ. ದುಡ್ಡು ಹಾಕುವುದಿದ್ದರೆ ಒಳ್ಳೆಯ ಲೂಪಿಗೇ ಹಾಕಿ.

ನೊಣ ಮತ್ತು ಜೇನಿನ ವ್ಯತ್ಯಾಸ, ರೆಕ್ಕೆ ಬಂದ ಒರಲೆ ಮತ್ತು ರೆಕ್ಕೆ ಬಂದ ಇರುವೆಯ ವ್ಯತ್ಯಾಸ, ಏರೋಪ್ಲೇನ್ ಚಿಟ್ಟೆಗಳಲ್ಲಿ ಕಣ್ಣುಗಳು ತಾಗಿರುವವು ಮತ್ತು ದೂರದೂರ ಇರುವವು, ಇವೆಲ್ಲ ಎರಡನೆಯ, ಮೂರನೆಯ ವಾರಗಳ ಪಾಠಗಳು. ಹೂವಿನ ಮೇಲೆ ಕುಳಿತ ಹಳದಿ-ಕಪ್ಪು ಪಟ್ಟೆಯ ಪ್ರಾಣಿಗೆ ರೆಕ್ಕೆ ಎರಡೇ ಇದ್ದು, ಕುಡಿಮೀಸೆ ಮೋಟಾಗಿದ್ದರೆ ಅದು ಜೇನಿನ ವೇಷದ ಹೂನೊಣ. ನಾಲ್ಕೂ ರೆಕ್ಕೆಗಳು ಒಂದೇ ಅಳತೆಯವಾಗಿದ್ದರೆ ಒರಲೆ. ಮುಂದಿನ ರೆಕ್ಕೆ ದೊಡ್ಡದಾಗಿ, ಸೊಂಟ ಸಣ್ಣದಾಗಿ, ಮೀಸೆ ಮೊಣಕೈಯಂತೆ ಮಡಚಿದ್ದರೆ ಇರುವೆ. ಇಂಥವನ್ನು ಚಿತ್ರಪಟದಲ್ಲಿ ನೋಡಿ ಕಲಿಯಬಹುದು, ಬೀದಿದೀಪದ ಕೆಳಗೆ ಕೂತೂ ಕಲಿಯಬಹುದು. ಈ ಬಳಗ ಎರಡನೆಯದನ್ನು ಆರಿಸಿಕೊಂಡಿದೆ.

ಚಿಟ್ಟೆಗಳನ್ನು ಕಲಿಸುವ ಕ್ರಮ ನನಗೆ ಎಲ್ಲಕ್ಕಿಂತ ಹಿಡಿಸಿತು. ಪಾತರಗಿತ್ತಿ ಎಂದರೆ ಸುಲಭ, ಬಣ್ಣ ನೋಡಿದರೆ ಹೆಸರು ಸಿಗುತ್ತದೆ ಎಂದುಕೊಂಡೇ ಎಲ್ಲರೂ ಬರುತ್ತಾರೆ. ಆದ್ದರಿಂದ ಮೋಸ ಹೋಗುವ ಜೋಡಿಯಿಂದಲೇ ಪಾಠ ಶುರುವಾಗುತ್ತದೆ. ನಮ್ಮ ಕಡೆ ರಸ್ತೆಬದಿಯ ಎಕ್ಕೆ ಗಿಡಗಳ ಸುತ್ತ ಹಾರಾಡುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಎಲ್ಲರಿಗೂ ಗೊತ್ತು. ಅದರ ಮರಿಹುಳು ಎಕ್ಕೆಯ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಸಿಟ್ಟುಕೊಳ್ಳುವುದರಿಂದ ಹಕ್ಕಿಗಳು ಚಿಟ್ಟೆಯನ್ನು ಮುಟ್ಟಲು ಹಿಂಜರಿಯುತ್ತವೆ. ಡನಾಯ್ಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣಿಗೆ ಅಂಥ ವಿಷವಿಲ್ಲ. ಅದರ ಮರಿಹುಳು ಬೆಳೆಯುವುದು ನಾವು ಪಲ್ಯ ಮಾಡುವ ಗೋಣಿ ಸೊಪ್ಪಿನಂಥ ಗಿಡಗಳ ಮೇಲೆ. ಆದರೂ ಅದು ಪ್ಲೇನ್ ಟೈಗರಿನ ಅಂಗಿಯನ್ನೇ ತೊಟ್ಟು ಹಾರುತ್ತದೆ. ಅದರ ಗಂಡಾದರೋ ಕಪ್ಪು ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆಗಳುಳ್ಳದ್ದು, ಹೆಣ್ಣಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ.

ಇವೆರಡನ್ನೂ ಬೇರ್ಪಡಿಸುವುದು ಹಿಂದಿನ ರೆಕ್ಕೆಯ ಕಪ್ಪು ಚುಕ್ಕೆಗಳು. ಪ್ಲೇನ್ ಟೈಗರಿಗೆ ರೆಕ್ಕೆಯ ನಡುವೆ ಮೂರೋ ನಾಲ್ಕೋ ಇರುತ್ತವೆ, ವೇಷಧಾರಿಗೆ ಮೇಲಿನ ಅಂಚಿನ ಹತ್ತಿರ ಒಂದೇ ಒಂದು. ಕೋಟೆಯ ಒಳಗಿನ ಹುಲ್ಲಿನಲ್ಲಿ ನಾವು ಇಪ್ಪತ್ತು ನಿಮಿಷ ಒಂದು ಚಿಟ್ಟೆಯ ಹಿಂದೆ ತಿರುಗಿದೆವು. ಅದು ರೆಕ್ಕೆ ಬಿಡಿಸಿ ಕುಳಿತ ಎರಡು ಸೆಕೆಂಡಿನಲ್ಲಿ ಒಂದೇ ಚುಕ್ಕೆ ಕಂಡಿತೆಂದು ಐವರು ಬರೆದೆವು, ಮೂವರು ಮೂರು ಚುಕ್ಕೆ ಎಂದು ಬರೆದರು. ಮಾಸ್ತರರು ಯಾರದು ಸರಿ ಎಂದು ಹೇಳಲೇ ಇಲ್ಲ. ಚಿತ್ರ ತೆಗೆದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಒಬ್ಬರೂ ಇರಲಿಲ್ಲ. ಎಂಟು ನೋಟುಬುಕ್ಕುಗಳಲ್ಲಿ ಎಂಟು ಗೆರೆಗಳು ಕುಟುಂಬದ ಕೆಳಗೆ ಬಿದ್ದವು. ಸಂಜೆಯವರೆಗೂ ನನಗೆ ಅದರ ಅಸಮಾಧಾನ ಹೋಗಲಿಲ್ಲ.

ಬೆಳೆಯ ಹೊಲದ ಭೇಟಿಯನ್ನು ಇದೇ ಕಾರಣಕ್ಕೆ ಬಹಳ ಉಪಯುಕ್ತವೆಂದು ಎಣಿಸುತ್ತೇನೆ, ಏಕೆಂದರೆ ಅಲ್ಲಿ ಗೆರೆ ಎಳೆದು ನಿಲ್ಲುವುದಕ್ಕೆ ಬೆಲೆ ಕಟ್ಟುವ ಪ್ರಶ್ನೆ ಎದುರಾಗುತ್ತದೆ. ಉದ್ದಿನ ಹೊಲದಲ್ಲಿ ಹೂವಿನ ಮೇಲೆ ಕಪ್ಪು ಮೈಗೆ ಕಿತ್ತಳೆ ಪಟ್ಟಿ ಇರುವ ದುಂಬಿಗಳು ಕುಳಿತು ಎಸಳುಗಳನ್ನು ಕೊರೆದು ತಿನ್ನುತ್ತಿದ್ದವು. ನಾವು ಲೂಪು ಹಿಡಿದು ಕುಡಿಮೀಸೆ ನೋಡುತ್ತಾ, ಮೃದುವಾದ ಮುಂರೆಕ್ಕೆಯ ಬಗ್ಗೆ ಚರ್ಚಿಸುತ್ತಾ ನಿಂತಾಗ ಹೊಲದ ಯಜಮಾನರು ಬಂದು, "ಹೆಸರು ತಗೊಂಡು ನಾ ಏನ್ ಮಾಡ್ಲಿರಿ, ಯಾವ ಎಣ್ಣಿ ಹೊಡಿಬೇಕು ಅದು ಹೇಳ್ರಿ" ಎಂದರು. ಉತ್ತರ ಕೊಟ್ಟವರು ಹೊಲ ನೋಡಿಕೊಂಡಿರುವ ಯುವಕರು. ಇದು ಬೊಬ್ಬೆ ಎಬ್ಬಿಸುವ ದುಂಬಿ, ಹಿಸುಕಿದರೆ ಹೊರಬರುವ ಕ್ಯಾಂಥರಿಡಿನ್ ಎಂಬ ರಸ ಚರ್ಮವನ್ನು ಸುಡುತ್ತದೆ, ಆದ್ದರಿಂದ ಬರಿಗೈಯಲ್ಲಿ ಮುಟ್ಟಬೇಡಿ. ಬೆಳಗಿನ ತಂಪಿನಲ್ಲಿ ಇವು ಮಂಕಾಗಿರುವಾಗ ಕೈಗವಸು ಹಾಕಿಕೊಂಡು ಕೊಡವಿ, ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿದರೆ ಸಣ್ಣ ಹೊಲಕ್ಕೆ ಸಾಕಾಗುತ್ತದೆ ಎಂದು ತಿಳಿಸಿದರು. ಇದೇ ದುಂಬಿಯ ಮರಿಗಳು ನೆಲದೊಳಗೆ ಮಿಡತೆಯ ಮೊಟ್ಟೆಗಳನ್ನು ತಿಂದು ಬದುಕುತ್ತವೆ ಎಂಬ ಮಾತನ್ನೂ ಸೇರಿಸಿದರು. ಯಜಮಾನರು ಅದನ್ನು ನಂಬಿದಂತೆ ಕಾಣಲಿಲ್ಲ. ಆದರೆ ಎಣ್ಣೆಯ, ಅಂದರೆ ಕೀಟನಾಶಕದ, ವಿಷಯವನ್ನು ಮತ್ತೆ ಎತ್ತಲಿಲ್ಲ.

ಇಲ್ಲಿ ಕುಟುಂಬದವರೆಗಿನ ಗುರುತೇ ಸಾಕಾಯಿತು. ತೊಗರಿಯಲ್ಲಾದರೆ ಸಾಲದು. ಕಾಯಿಯೊಳಗೆ ತಲೆ ತೂರಿಸಿ ಮೈಯನ್ನು ಹೊರಗೆ ಬಿಟ್ಟು ತಿನ್ನುವ ಕಾಯಿಕೊರಕದ ಕೀಡಿ ಹಸಿರಾಗಿರಬಹುದು, ಕಂದಾಗಿರಬಹುದು, ನಸುಗೆಂಪಾಗಿಯೂ ಇರಬಹುದು, ಹಾಗಾಗಿ ಬಣ್ಣ ನೋಡಿ ಎರಡು ಮೂರು ಬಗೆಯ ಹುಳ ಬಿದ್ದಿವೆ ಎಂದು ತಿಳಿಯುವವರು ಬಹಳ. ಅದೇ ಕಾಯಿಯನ್ನು ಒಳಗಿನಿಂದ ತಿನ್ನುವ ಕಾಯಿನೊಣದ ಮರಿ ಬೇರೆಯೇ ಪ್ರಾಣಿ, ಹೊರಗಿನಿಂದ ಕಾಣುವುದೂ ಇಲ್ಲ. ಕಲಬುರಗಿ, ಬೀದರ್ ಸೀಮೆಯಲ್ಲಿ ತೊಗರಿಯ ಮೇಲೆ ಸಂಸಾರ ನಿಂತಿರುವಾಗ ಇದಕ್ಕೆ ಒಂದು ಪೂರ್ತಿ ಭಾನುವಾರ ಮೀಸಲಿಡಬೇಕಿತ್ತು. ತರಗತಿ ತೊಗರಿ ಹೂವಾಡುವ ಮೊದಲೇ ಮುಗಿದುಹೋಗುವುದರಿಂದ ಅದನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸಿದರು. ಎಳ್ಳಮಾವಾಸ್ಯೆಯ ಆಸುಪಾಸಿಗೆ ಒಂದು ಭೇಟಿ ಸೇರಿಸಿದರೆ ಈ ಕೊರತೆ ನೀಗುತ್ತದೆ.

ರಾತ್ರಿಯ ಭೇಟಿಗಳ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು. ಮೊದಲನೆಯದು ಶಹಾಪುರ ಅರಣ್ಯದ ಹೊರಗಿನ ಒಂದು ಖಾಸಗಿ ಹೊಲದ ಬದುವಿನಲ್ಲಿ ನಡೆಯಿತು. ತಲೆದೀಪವನ್ನು ಹಣೆಗೆ ಕಟ್ಟಿಕೊಂಡು, ಕಣ್ಣಿನ ಮಟ್ಟದಲ್ಲೇ ಬೆಳಕು ಹರಿಯುವಂತೆ ನಿಂತು ಹುಲ್ಲಿನ ಕಡೆ ನೋಡಲು ಹೇಳಿದರು. ಹುಲ್ಲಿನ ತುಂಬ ಇಬ್ಬನಿ ಬಿದ್ದಂತೆ ನಸುಹಸಿರಿನ ಕಿಡಿಗಳು ಹೊಳೆದವು. ಅಂದು ಮಳೆ ಇರಲಿಲ್ಲ, ಇಬ್ಬನಿಯ ಕಾಲವೂ ಅಲ್ಲ. ಒಂದು ಕಿಡಿಯನ್ನು ಗುರಿಯಿಟ್ಟು, ಬೆಳಕನ್ನು ಅಲುಗಿಸದೆ ಹತ್ತಿರ ಹೋದರೆ ಅದು ತೋಳಜೇಡದ ಕಣ್ಣು. ಕಣ್ಣಿನ ಹಿಂಭಾಗದ ಪದರವು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವುದರಿಂದ ದೀಪ ನಮ್ಮ ಕಣ್ಣಿನ ಪಕ್ಕದಲ್ಲಿದ್ದಾಗ ಮಾತ್ರ ಹೊಳಪು ಕಾಣುತ್ತದೆ. ಕೈಯಲ್ಲಿ ಕೆಳಗೆ ಹಿಡಿದ ಟಾರ್ಚಿಗೆ ಕಾಣುವುದಿಲ್ಲ. ನಾನು ಹಿಡಿದು ಹೋದ ಕಿಡಿಯ ಬಳಿ ಇನ್ನೂ ಹತ್ತಾರು ಪುಡಿ ಕಿಡಿಗಳು ಮಿನುಗಿದವು. ತಾಯಿಜೇಡವೊಂದು ಬೆನ್ನಿನ ತುಂಬ ಮರಿಗಳನ್ನು ಹೊತ್ತು ನಿಂತಿತ್ತು, ಪ್ರತಿ ಮರಿಯೂ ತನ್ನ ಸಾಸಿವೆಗಿಂತ ಸಣ್ಣ ಕಣ್ಣುಗಳಿಂದ ಬೆಳಕನ್ನು ತಿರುಗಿಸುತ್ತಿತ್ತು. ಕೆಳಸಾಲಿನಲ್ಲಿ ನಾಲ್ಕು ಸಣ್ಣ ಕಣ್ಣು, ಅದರ ಮೇಲೆ ಎರಡು ದೊಡ್ಡವು, ಹಿಂದೆ ಮತ್ತೆರಡು ಎಂಬ ಜೋಡಣೆಯನ್ನು ಮಾಸ್ತರರು ನೆಲದ ಮೇಲೆ ಹರಳು ಜೋಡಿಸಿ ತೋರಿಸಿದರು.

ಇದರ ಪ್ರಭೇದ ಯಾವುದೆಂದು ಒಬ್ಬರು ಕೇಳಿದರು. ಹೆಚ್ಚಿನ ಜೇಡಗಳ ಪ್ರಭೇದ ಖಚಿತವಾಗುವುದು ಅವುಗಳ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ, ಫೋನಿನ ಚಿತ್ರದಿಂದ ಅಲ್ಲ ಎಂಬ ವಿವರಣೆ ಬಂತು. ಜಗತ್ತಿನಲ್ಲಿ ಹೆಸರಿಟ್ಟ ಜೇಡಗಳ ಸಂಖ್ಯೆ 2022ರಲ್ಲಿ 50,000ವನ್ನು ದಾಟಿದೆ. ಅಷ್ಟರಲ್ಲಿ ಒಂದನ್ನು ಬೆನ್ನಿನ ಪಟ್ಟೆ ನೋಡಿ ಆರಿಸುವುದು ಹುಡುಗಾಟವಾಗುತ್ತದೆ. ಕೊಂದು ಸೀಸೆಯಲ್ಲಿಟ್ಟು ನೋಡಬಾರದೇಕೆ ಎಂಬ ಪ್ರಶ್ನೆಗೆ, ಈ ತರಗತಿಯಲ್ಲಿ ಯಾವುದನ್ನೂ ಹಿಡಿದು ಒಯ್ಯುವುದಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಚಿಟ್ಟೆ, ದುಂಬಿಗಳೂ ಇವೆ ಎಂದು ಚುಟುಕಾಗಿ ಉತ್ತರಿಸಿದರು.

ಅದೇ ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿ ಪತಂಗಗಳನ್ನು ಕರೆದೆವು. ಕಣಗಿಲೆ ಗಿಡದ ಎಲೆ ತಿಂದು ಬೆಳೆಯುವ ದೊಡ್ಡ ಹಸಿರು ಪತಂಗವೊಂದು ಬಂದು ಕುಳಿತಾಗ ಎಲ್ಲರೂ ಅತ್ತ ಓಡಿದರು. ನನ್ನ ಕುತ್ತಿಗೆಯ ಮೇಲೆ ಏನೋ ಹರಿದಾಡಿತು, ಯೋಚಿಸದೆ ಕೈಯಿಂದ ಉಜ್ಜಿಬಿಟ್ಟೆ. ಕಿತ್ತಳೆ-ಕಪ್ಪು ಬಣ್ಣದ, ಇರುವೆಯಷ್ಟೇ ಉದ್ದದ ಪಿಡೆರಸ್ ದುಂಬಿ ಅದು. ದೀಪಕ್ಕೆ ಬರುವ ಈ ದುಂಬಿಯನ್ನು ಉಜ್ಜಬಾರದು, ಊದಿ ಹಾರಿಸಬೇಕು ಎಂದು ಅರ್ಧ ಗಂಟೆಯ ಹಿಂದಷ್ಟೇ ಹೇಳಿದ್ದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯಲ್ಲಿ ಸುಟ್ಟ ಗಾಯದಂಥ ಕೆಂಪು ಗೆರೆ ಎದ್ದು, ಒಂದು ವಾರ ಉಳಿಯಿತು. ತಪ್ಪು ಪೂರ್ತಿಯಾಗಿ ನನ್ನದೇ. ಪೂರ್ತಿ ತೋಳಿನ, ಕಾಲರ್ ಇರುವ ಅಂಗಿಯನ್ನು ಹಾಕಿಕೊಂಡು ಬರಲು ಹೇಳಿದ್ದನ್ನೂ ನಾನು ಪಾಲಿಸಿರಲಿಲ್ಲ.

ಎರಡನೆಯ ರಾತ್ರಿ ಚೇಳುಗಳದ್ದು. ನಾಗರಪಂಚಮಿಯ ದಿನ ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದ ಮೇಲೆ ಜನ ಚೇಳುಗಳನ್ನು ಅಂಗೈ, ಮುಖಗಳ ಮೇಲೆ ಬಿಟ್ಟುಕೊಳ್ಳುವ ಜಾತ್ರೆಯನ್ನು ನಮ್ಮಲ್ಲಿ ಕಂಡವರು, ಕೇಳಿದವರು ಬಹಳ ಇದ್ದುದರಿಂದ, ಇಲ್ಲಿ ಯಾರೂ ಕೈ ಹಾಕುವಂತಿಲ್ಲ ಎಂಬ ನಿಯಮವನ್ನು ಮಾಸ್ತರರು ಹೊರಡುವ ಮೊದಲು ಮೂರು ಸಲ ಹೇಳಿದರು. ನೇರಳಾತೀತ ಟಾರ್ಚಿನ ಬೆಳಕಿಗೆ ಜಂಬಿಟ್ಟಿಗೆಯ ಕಲ್ಲಿನ ಸಂದಿನಿಂದ ಚೇಳು ನಿಯಾನ್ ದೀಪದಂತೆ ಹಸಿರು-ನೀಲಿಯಾಗಿ ಬೆಳಗುವುದನ್ನು ಮೊದಲ ಬಾರಿಗೆ ನೋಡಿದವರು ಯಾರೂ ಮಾತನಾಡಲಿಲ್ಲ. ಹೊಳೆಯುವುದು ಅದರ ಹೊರಕವಚ. ಆಗತಾನೇ ಪೊರೆ ಕಳಚಿದ ಚೇಳು ಹೊಳೆಯುವುದಿಲ್ಲ. ಕೊಂಡಿ ದಪ್ಪ, ಇಕ್ಕಳ ಸಪೂರ ಇದ್ದರೆ ದೂರ ನಿಲ್ಲಿ. ಇಕ್ಕಳ ದಪ್ಪ, ಬಾಲ ಸಪೂರ ಇದ್ದರೂ ದೂರವೇ ನಿಲ್ಲಿ ಎಂದು ಹುಡುಗಿ ಹೇಳಿದಾಗ ಎಲ್ಲರೂ ನಕ್ಕೆವು. ಕೆಂಪು ಚೇಳಿನ ಕುಟುಕು ಹೃದಯಕ್ಕೆ ತಟ್ಟುತ್ತದೆ. ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೊಸಿನ್ ಮಾತ್ರೆಯ ಉಪಯೋಗವನ್ನು ತೋರಿಸಿಕೊಟ್ಟ ಮೇಲೆ ಸಾವುಗಳು ಬಹಳ ಇಳಿದವು. ಈ ಮಾಹಿತಿಯನ್ನು ಹೇಳಿದ್ದು ಸರಿಯೇ, ಆದರೆ ಕುಟುಕಿದರೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು, ಯಾರ ಗಾಡಿ ಸಿದ್ಧವಿದೆ ಎಂಬ ಏರ್ಪಾಡು ಅಂದು ಬಳಗದ ಬಳಿ ಇರಲಿಲ್ಲ. ಇಪ್ಪತ್ತು ಜನರನ್ನು ರಾತ್ರಿ ಕಲ್ಲುಗಳ ನಡುವೆ ನಡೆಸುವವರಿಗೆ ಇದು ಸಣ್ಣ ಲೋಪವಲ್ಲ.

ಬೇರೆ ದೂರುಗಳೂ ಇವೆ. ಒಂದು ತಂಡಕ್ಕೆ ಇಪ್ಪತ್ತನಾಲ್ಕು ಜನರನ್ನು ಸೇರಿಸಿಕೊಳ್ಳುತ್ತಾರೆ. ಒಂದು ಎಲೆಯ ಅಡಿಯಲ್ಲಿ ಕುಳಿತ ಹುಳುವನ್ನು ಇಪ್ಪತ್ತನಾಲ್ಕು ಜನ ನೋಡಲಾರರು, ಹನ್ನೆರಡನೆಯವರ ಸರದಿ ಬರುವಷ್ಟರಲ್ಲಿ ಎಲೆ ಮಾತ್ರ ಉಳಿದಿರುತ್ತದೆ. ಕೊಡುವ ಗುರುತಿನ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ. ಬಾಯಿಯಲ್ಲಿ ಕುಡಿಮೀಸೆ, ಒರಲೆ, ಕೀಡಿ, ಮಿರಗದ ಹುಳ ಎಂದು ಸೊಗಸಾಗಿ ಕಲಿಸುವವರು ಅದನ್ನೇ ಕನ್ನಡದಲ್ಲಿ ಅಚ್ಚು ಹಾಕಲು ಏಕೆ ಹಿಂಜರಿಯುತ್ತಾರೋ ತಿಳಿಯದು. ನಮ್ಮ ಜೊತೆಗಿದ್ದ ಇಬ್ಬರು ರೈತರು ಮೂರನೆಯ ವಾರ ಬಿಟ್ಟುಹೋಗಲು ಆ ಹಾಳೆಗಳೂ ಒಂದು ಕಾರಣ. ಬಸವನಹುಳು, ಎರೆಹುಳುಗಳಿಗೆ ಹತ್ತು ನಿಮಿಷವೂ ಸಿಗಲಿಲ್ಲ. ಮಾಸ್ತರರಿಗೆ ಜೇಡದ ಮೇಲೆ ಅತಿಯಾದ ಪ್ರೀತಿ, ಅದರ ಬಿಸಿ ಉಳಿದ ಪ್ರಾಣಿಗಳಿಗೆ ತಟ್ಟಿದೆ. ಮಳೆಯಿಂದ ರದ್ದಾದ ಭೇಟಿಯನ್ನು ಮತ್ತೆ ಇಡುತ್ತೇವೆ ಎಂದವರು ಇಡಲಿಲ್ಲ.

ಕಲಿತದ್ದನ್ನು ತರಗತಿಯ ನಂತರ ಮುಂದುವರಿಸಲು ಐನ್ಯಾಚುರಲಿಸ್ಟ್ ಬಳಸುವಂತೆ ಸಲಹೆ ಕೊಡುತ್ತಾರೆ. 2008ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದ ಈ ತಾಣದಲ್ಲಿ ದಿನಾಂಕ, ಸ್ಥಳ, ಚಿತ್ರ ಸೇರಿಸಿ ಹಾಕಿದ ದಾಖಲೆಯನ್ನು ಬೇರೆಯವರು ನೋಡಿ ತಮ್ಮ ಗುರುತನ್ನು ಸೇರಿಸುತ್ತಾರೆ, ಮೂರರಲ್ಲಿ ಎರಡಕ್ಕಿಂತ ಹೆಚ್ಚು ಪಾಲು ಜನ ಒಪ್ಪಿದಾಗ ಪ್ರಭೇದದ ಹೆಸರು ನಿಲ್ಲುತ್ತದೆ. ಅದೇ ವರ್ಷ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಕೂಡ ಇದೇ ಬಗೆಯ ಕೆಲಸಕ್ಕೆ ಸಿಗುತ್ತದೆ. ನಮಗೆ ಹಾಕಿದ ಷರತ್ತು ಒಂದೇ: ಇನ್ನೊಬ್ಬರು ಬರೆದ ಹೆಸರಿಗೆ ಕಾರಣ ತಿಳಿಯದೆ ಒಪ್ಪಿಗೆ ಒತ್ತಬಾರದು. ಇಬ್ಬರು ಗೆಳೆಯರು ಒಬ್ಬರದಕ್ಕೊಬ್ಬರು ಒತ್ತಿದರೆ ತಪ್ಪು ಹೆಸರೂ ಗಟ್ಟಿಯಾಗಿ ಕೂರುತ್ತದೆ.

ನಾನೂರು ಚಿತ್ರಗಳನ್ನು ಮತ್ತೆ ತೆಗೆದು ಕೂತಿದ್ದೇನೆ. ಈವರೆಗೆ ನೂರ ಮೂವತ್ತರಷ್ಟನ್ನು ನೋಡಿದ್ದಾಗಿದೆ, ಅವುಗಳಲ್ಲಿ ಪ್ರಭೇದದವರೆಗೆ ಕಾರಣ ಬರೆಯಲು ಸಾಧ್ಯವಾದವು ಹತ್ತೊಂಬತ್ತು. ಪುಟ್ಟ ಮಕ್ಕಳನ್ನು ಕರೆದೊಯ್ಯಬೇಕೆಂದಿರುವವರಿಗೆ ರಾತ್ರಿಯ ಭೇಟಿಗಳನ್ನು ನಾನು ಹೇಳಲಾರೆ, ಬೆಳಗಿನವು ಹತ್ತು ವರ್ಷ ದಾಟಿದವರಿಗೆ ಒಗ್ಗುತ್ತವೆ. ಆರೂವರೆ ಎಂದರೆ ಏಳಕ್ಕೆ ಹೊರಡುತ್ತಾರೆ, ಆದರೆ ನೀವು ಆರೂವರೆಗೇ ಹೋಗಿ: ಆ ಅರ್ಧ ಗಂಟೆಯಲ್ಲಿ ಮಾಸ್ತರರ ಸುತ್ತ ನಾಲ್ಕೇ ಜನರಿರುತ್ತಾರೆ, ಲೂಪು ಹಿಡಿದು ಹುಳು ನೋಡುವ ಸರದಿಗೆ ಕಾಯಬೇಕಾಗಿಲ್ಲ.